ಕೈ ಕಟ್ಟಿ ಕೂರುವ ವಿದ್ಯೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆಯನ್ನು ನಾನು ಚೆನ್ನಾಗಿ ಹೇಳಲಾರೆ.

ಗುರು-ಶಿಷ್ಯರ ಕಥೆ ಎಂದರೆ ನಾಲ್ಕು ಮಾತಿನಲ್ಲಿ ಮುಗಿಯಬೇಕು, ಕೇಳಿದವರು ನಾಲ್ಕು ದಿನ ಯೋಚಿಸಬೇಕು ಎನ್ನುತ್ತಾರೆ. ನಾನು ಹೇಳಲು ಕೂತರೆ ನಾಲ್ಕು ದಿನ ಹಿಡಿಯುತ್ತದೆ, ಯೋಚಿಸಲು ಏನೂ ಉಳಿಯುವುದಿಲ್ಲ. ಎಲ್ಲವನ್ನೂ ಬಿಡಿಸಿ ಹೇಳುವುದು ನನ್ನ ಅಭ್ಯಾಸ. ಬರೆಯುತ್ತಿರುವುದೂ ಇದೇ ಮೊದಲ ಸಲ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು.

ಆಶ್ರಮ ಎಂದರೆ ಕಾವಿ ಬಟ್ಟೆ, ಹೋಮ, ಗಡ್ಡ ಅಂಥದ್ದಲ್ಲ. ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು ಬಂದು ಮತ್ತೆ ನಡೆಯುವುದನ್ನು, ಮತ್ತೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುವ ಜಾಗ. ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು. ಅದು ಊರಿನವರ ಬಾಯಿಗೆ ಹೊಂದಲಿಲ್ಲ. ನಾಲ್ಕು ಕೋಣೆ, ಒಂದು ಹೊಂಗೆ ಮರ, ಎದುರಿಗೆ ಹೊಳೆ ಇದ್ದದ್ದರಿಂದ ಆಶ್ರಮ ಎಂದುಬಿಟ್ಟರು.

ಅಲ್ಲಿನ ಗುರು ಕಾತ್ಯಾಯಿನಿ ಅಮ್ಮ. ಅರವತ್ತು ದಾಟಿದವರು. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಕೈಕಾಲು ಸೋತವರ ಜೊತೆ ಕೆಲಸ ಮಾಡಿ ಬಂದವರು. ಮಾತು ಕಡಿಮೆ.

ಅವರಿಗೆ ಒಂದು ಅಭ್ಯಾಸವಿತ್ತು. ರೋಗಿಯ ಪಕ್ಕ ಕೂತರೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂರುತ್ತಿದ್ದರು. ಬಿರು ಬೇಸಿಗೆಯಲ್ಲೂ ಹಾಗೆಯೇ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಶಿಷ್ಯನ ಹೆಸರು ಚೆಲುವರಾಜು. ವಯಸ್ಸು ಇಪ್ಪತ್ತಾರು. ಫಿಸಿಯೋಥೆರಪಿ ಅಸಿಸ್ಟೆಂಟ್ ಆಗಲು ಕಲಿಯುತ್ತಿದ್ದ.

ಅಸಿಸ್ಟೆಂಟ್ ಎಂದರೆ ಸಹಾಯಕ. ಸಹಾಯಕ ಎಂದರೆ ಸಹಾಯ ಮಾಡುವವನು. ಚೆಲುವರಾಜುವಿಗೆ ಇಷ್ಟು ಅರ್ಥ ಸಾಕಾಗಿತ್ತು. ತೊಂದರೆ ಶುರುವಾದದ್ದೂ ಇಲ್ಲಿಂದಲೇ.

ಒಬ್ಬರು ಅಂಗಿಯ ತೋಳಿನೊಳಗೆ ಕೈ ತೂರಿಸಲು ಇಪ್ಪತ್ತು ನಿಮಿಷದಿಂದ ಹೆಣಗುತ್ತಿದ್ದರೆ ಚೆಲುವರಾಜು ಓಡಿ ಹೋಗಿ ಒಂದೇ ನಿಮಿಷದಲ್ಲಿ ಅಂಗಿ ತೊಡಿಸಿ, ಕಾಲರ್ ಸರಿಮಾಡಿ, ಬೆನ್ನು ತಟ್ಟಿ ಬರುತ್ತಿದ್ದ.

ಇನ್ನೊಬ್ಬರು ವಾಕರ್ ಹಿಡಿದು ಹೊಸ್ತಿಲು ದಾಟಲು ಕಾಲು ಎತ್ತುತ್ತಿದ್ದರೆ ಇವನು ವಾಕರ್ ಸಮೇತ ಅವರನ್ನೇ ಎತ್ತಿ ಆಚೆ ಇಡುತ್ತಿದ್ದ.

ಅಮ್ಮ ನೋಡಿ ಹೇಳುತ್ತಿದ್ದದ್ದು ಒಂದೇ ಮಾತು.

"ಬೇಗ ಆಯ್ತು."

ಚೆಲುವರಾಜು ಹಿಗ್ಗಿಹೋಗುತ್ತಿದ್ದ. ಅಮ್ಮ ಯಾರನ್ನೂ ಹೊಗಳುವವರಲ್ಲ, ತನಗೆ ಮಾತ್ರ ದಿನಕ್ಕೆ ನಾಲ್ಕು ಸಲ ಬೇಗ ಆಯ್ತು ಎನ್ನುತ್ತಾರೆ ಎಂದು ಮನೆಗೆ ಫೋನ್ ಮಾಡಿ ಹೇಳಿದ್ದ.

ಕಲಿಕೆಯ ವರ್ಷ ಮುಗಿಯಿತು. ಪಟ್ಟಣದ ಆಸ್ಪತ್ರೆಯಿಂದ ಅವನಿಗೆ ಕೆಲಸದ ಪತ್ರವೂ ಬಂತು. ಇಂಥ ಶನಿವಾರ ಸಂಜೆ ಐದರೊಳಗೆ ಸರ್ಟಿಫಿಕೇಟ್ ತಂದು ತೋರಿಸಬೇಕು. ತೋರಿಸದಿದ್ದರೆ ಕೆಲಸ ಮುಂದಿನವನಿಗೆ. ಆ ಶನಿವಾರಕ್ಕೆ ಇನ್ನೂ ಒಂದು ತಿಂಗಳಿತ್ತು.

ಸರ್ಟಿಫಿಕೇಟ್ ಅಚ್ಚಾಗಿ ಬಂದಿತ್ತು. ಅಮ್ಮನ ರುಜು ಒಂದೇ ಬಾಕಿ. ಎರಡು ಸಲ ಕೇಳಿದ್ದ. ಎರಡು ಸಲವೂ ಅಮ್ಮ, "ನೋಡೋಣ" ಎಂದಿದ್ದರು.

ಮೂರನೆಯ ಸಲ ಕೇಳಿದ.

"ಅಮ್ಮ, ಪತ್ರ ಬಂದಿದೆ. ಈಗಲಾದರೂ ರುಜು ಹಾಕಿ."

"ಪುಟ್ಟಗೌರಮ್ಮ ಒಂದು ಮೊಳ ಹೂ ಕಟ್ಟಿ ಅಳೀಲಿ. ಹಾಕ್ತೀನಿ."

"ಅಷ್ಟೇನಾ ಅಮ್ಮ?"

"ಅಷ್ಟೇ."

ಮೊಳ ಎಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆ. ನಿಮಗೆ ಗೊತ್ತಿರುತ್ತದೆ. ಆದರೂ ಹೇಳಿದೆ, ಏಕೆಂದರೆ ಬೆರಳಿನ ತುದಿ ಈ ಕಥೆಯಲ್ಲಿ ಮುಖ್ಯ.

ಪುಟ್ಟಗೌರಮ್ಮ ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಮುಂದೆ ಕೂತು ಹೂ ಕಟ್ಟಿ ಮಾರಿದ ಅಜ್ಜಿ. ಲಕ್ವ ಹೊಡೆದು ಬಲಗೈ ಸೋತಿತ್ತು. ಬೆರಳುಗಳು ಮಡಚಿಕೊಂಡು ಕೈ ತೊಡೆಯ ಮೇಲೆ ಮಲಗಿದ ಬೆಕ್ಕಿನ ಹಾಗೆ ಬಿದ್ದಿರುತ್ತಿತ್ತು. ನಾಲಿಗೆ ಮಾತ್ರ ಒಂದಿಷ್ಟೂ ಸೋತಿರಲಿಲ್ಲ.

ಚೆಲುವರಾಜು ಮೊದಲು ರಬ್ಬರ್ ಚೆಂಡು ತಂದುಕೊಟ್ಟ. ಹಿಸುಕಿದರೆ ಬೆರಳಿಗೆ ಬಲ ಬರುತ್ತದೆ.

"ಏನಪ್ಪಾ ಇದು?"

"ಚೆಂಡು ಅಜ್ಜಿ. ಹಿಸುಕಬೇಕು."

"ನನ್ನ ಮೊಮ್ಮಗಳಿಗೇ ಮಕ್ಕಳಾಗೋ ಹೊತ್ತು. ನಾನಿಲ್ಲಿ ಚೆಂಡಾಡ್ತಾ ಕೂತಿದೀನಿ ಅಂದ್ರೆ ಏನಂದುಕೊಳ್ತಾರೆ ಜನ?"

ಮಾರನೆಯ ದಿನ ತೂತುಗಳಿರುವ ಹಲಗೆ ತಂದ. ಸಣ್ಣ ಸಣ್ಣ ಗೂಟಗಳನ್ನು ತೆಗೆದು ತೂತಿಗೆ ಚುಚ್ಚಬೇಕು.

"ಇದನ್ನ ಚುಚ್ಚಿದರೆ ಏನಾಗುತ್ತೆ?"

"ಆಮೇಲೆ ಕಿತ್ತು ತೆಗೀಬೇಕು ಅಜ್ಜಿ."

"ತೆಗೆದು?"

"ಮತ್ತೆ ಚುಚ್ಚಬೇಕು."

ಅಜ್ಜಿ ಅವನ ಮುಖವನ್ನೇ ನೋಡಿದರು. "ನಿಮ್ಮಪ್ಪ ಅಮ್ಮ ಇದನ್ನ ಕಲಿಯೋಕೆ ಕಳಿಸಿದ್ರಾ ನಿನ್ನ?"

ಮೂರನೆಯ ದಿನ ಚೆಲುವರಾಜುವಿಗೆ ಒಳ್ಳೆಯ ಬುದ್ಧಿ ಬಂತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಬೆಳಗ್ಗೆ ಪೇಟೆಗೆ ಹೋಗಿ ಒಂದು ಬುಟ್ಟಿ ಮಲ್ಲಿಗೆ ಮೊಗ್ಗು, ನೆನೆಸಿದ ಬಾಳೆನಾರು ತಂದು ಅಜ್ಜಿಯ ಮುಂದೆ ಸುರಿದ.

ಅಜ್ಜಿ ಎಡಗೈಯಲ್ಲಿ ಒಂದು ಹಿಡಿ ಎತ್ತಿ ಮೂಸಿದರು. ಕಣ್ಣು ಮುಚ್ಚಿದರು.

ಬಾಗಿಲಲ್ಲಿ ನಿಂತಿದ್ದ ಕಾತ್ಯಾಯಿನಿ ಅಮ್ಮ ತಲೆಯಾಡಿಸಿ ಹೊರಟುಹೋದರು.

ಅಜ್ಜಿ ಎಡಗೈಯ ಬೆರಳುಗಳಲ್ಲಿ ಎರಡು ಮೊಗ್ಗು ಆ ಕಡೆಗೆ, ಎರಡು ಈ ಕಡೆಗೆ ಮುಖ ಮಾಡಿಸಿ ಜೋಡಿಸಿ ಹಿಡಿದರು. ಹೂ ಕಟ್ಟುವಾಗ ಒಂದು ಕೈ ಹೂ ಹಿಡಿಯುತ್ತದೆ, ಇನ್ನೊಂದು ಕೈ ನಾರು ಸುತ್ತಿ ಗಂಟು ಹಾಕುತ್ತದೆ. ಆ ಇನ್ನೊಂದು ಕೈ ತೊಡೆಯ ಮೇಲೆ ಮಲಗಿತ್ತು.

"ನಾರು ಸುತ್ತಿ ಅಜ್ಜಿ."

"ಯಾವ ಕೈಯಲ್ಲಿ ಸುತ್ತಲಿ? ನಿನ್ನ ಕೈ ಇತ್ತ ಕೊಡು."

ಚೆಲುವರಾಜು ಕೊಟ್ಟ. ಸಹಾಯಕನಲ್ಲವೇ?

ಅಜ್ಜಿಯ ಎಡಗೈ, ಇವನ ಬಲಗೈ. ಮೊದಲ ದಿನ ನಾಲ್ಕು ಗಂಟು ಬಿತ್ತು.

"ಥೂ, ಹೂ ಕಟ್ತಿದೀಯೋ ದನ ಕಟ್ತಿದೀಯೋ? ಮೊಗ್ಗಿನ ಕುತ್ತಿಗೆ ಮುರಿದುಹೋಯ್ತು ನೋಡು. ಮೆಲ್ಲಗೆ. ಬೆರಳಿನ ತುದಿಯಲ್ಲಿ."

"ಹೀಗಾ ಅಜ್ಜಿ?"

"ಹಾಗೆ. ಹೆಸರು ಚೆಲುವ. ಕೆಲಸದಲ್ಲೂ ಒಂಚೂರು ಚೆಲುವು ಇರಲಿ."

ಒಂದು ವಾರದಲ್ಲಿ ಅವನ ಗಂಟು ನೆಟ್ಟಗಾಯಿತು. ಎರಡನೆಯ ವಾರ ಅಜ್ಜಿ, "ಎಡಗೈ ನೋಯ್ತಾ ಇದೆ ಕಣಪ್ಪಾ, ಹೂವನ್ನೂ ನೀನೇ ಹಿಡ್ಕೊ" ಎಂದರು. ಅವನು ಹಿಡಿದುಕೊಂಡ. ಮೂರನೆಯ ವಾರದಲ್ಲಿ ಚೆಲುವರಾಜು ಒಂದು ಲೋಟ ಕಾಫಿ ಆರುವುದರೊಳಗೆ ಒಂದು ಮೊಳ ಕಟ್ಟಿ ಮುಗಿಸುತ್ತಿದ್ದ. ಅಜ್ಜಿ ಗೋಡೆಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತಾ ತಪ್ಪು ತೋರಿಸುತ್ತಿದ್ದರು. ಇಬ್ಬರಿಗೂ ಸಂತೋಷವಾಗಿತ್ತು.

ಕಟ್ಟಿದ ಹೂ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಮಧ್ಯಾಹ್ನ ಮೂರು ಗಂಟೆಯ ಬಸ್ಸು ಆಶ್ರಮದ ಗೇಟಿನ ಮುಂದೆ ನಿಲ್ಲುತ್ತಿತ್ತು. ಡ್ರೈವರು ತನ್ನ ಮುಂದಿನ ದೇವರ ಪಟಕ್ಕೆ ಹಾಕಲು ಒಂದು ಮೊಳ ಕೇಳಿ ತೆಗೆದುಕೊಂಡು ಹೋಗುತ್ತಿದ್ದ. ಮೊದಲು ಸುಮ್ಮನೆ ತೆಗೆದುಕೊಂಡ. ಆಮೇಲೆ ಅದು ಅವನಿಗೆ ಹಕ್ಕಾಯಿತು. ಹೂ ಬರುವವರೆಗೆ ಹಾರನ್ ಒತ್ತುತ್ತಿದ್ದ.

ಒಂದು ಮಧ್ಯಾಹ್ನ ಅಮ್ಮ ಬಂದು ಅಜ್ಜಿಯ ಪಕ್ಕ ಕೂತರು. ಕೈ ಸೆರಗಿನೊಳಗೆ ಹೋಯಿತು. ಹೂವಿನ ದಂಡೆಯನ್ನು ನೋಡಿದರು. ಒಂದು ಗಂಟು ಹೆಚ್ಚಿಲ್ಲ, ಒಂದು ಗಂಟು ಕಡಿಮೆಯಿಲ್ಲ.

"ಈ ಕೈ ಎಷ್ಟು ಚೆನ್ನಾಗಿ ಗುಣ ಆಗಿದೆ" ಎಂದರು.

"ಯಾವ ಕೈ ಅಮ್ಮ?"

"ನಿಂದು."

"ಎಲ್ಲಾ ನಿಮ್ಮ ಆಶೀರ್ವಾದ ಅಮ್ಮ" ಎಂದ ಚೆಲುವರಾಜು.

ಅರ್ಥವಾದದ್ದು ರಾತ್ರಿ ಊಟಕ್ಕೆ ಕೂತಾಗ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

ಅಜ್ಜಿಯ ಕೈ ಎಲ್ಲಿತ್ತೋ ಅಲ್ಲೇ ಇದೆ. ಒಂದು ತಿಂಗಳು ಕಲಿತದ್ದು ತಾನು. ಕಲಿಸಿದ್ದು ಅಜ್ಜಿ. ಶನಿವಾರಕ್ಕೆ ಇನ್ನು ನಾಲ್ಕೇ ದಿನ.

ಮಾರನೆಯ ದಿನ ಕಿಟಕಿಯ ಹೊರಗಿನಿಂದ ಇನ್ನೊಂದು ಸಂಗತಿ ಕಂಡಿತು. ಒಳಗೆ ಯಾರೂ ಇರಲಿಲ್ಲ. ಪುಟ್ಟಗೌರಮ್ಮನ ಬಲಗೈ ಮೆಲ್ಲಗೆ ಎದ್ದು, ಸೊಂಟದ ಎಲೆ ಅಡಿಕೆ ಚೀಲದ ಬಾಯಿ ಹಿಗ್ಗಿಸಿ, ಅಡಿಕೆ ತೆಗೆಯಿತು. ಚೆಲುವರಾಜು ಒಳಗೆ ಕಾಲಿಟ್ಟ. ಕೈ ತೊಡೆಯ ಮೇಲೆ ಬಿದ್ದು ಮತ್ತೆ ಮಲಗಿತು.

"ಅಜ್ಜಿ! ನಿಮ್ಮ ಕೈ ಕೆಲಸ ಮಾಡುತ್ತೆ!"

"ಅಡಿಕೆ ತೆಗೆಯೋ ಅಷ್ಟು ಮಾಡುತ್ತೆ."

"ಹಾಗಾದರೆ ಹೂ ಯಾಕೆ ಕಟ್ಟಲ್ಲ?"

ಅಜ್ಜಿ ಬಹಳ ಹೊತ್ತು ಅಗಿದರು.

"ಅಡಿಕೆ ಹ್ಯಾಗೆ ತೆಗೆದರೂ ಅಡಿಕೇನೇ. ನಾನು ಹೂ ಕಟ್ತಿದ್ರೆ ಬಸ್ಸಿಗೆ ಹೊರಟವರೆಲ್ಲ ನಿಂತು ನೋಡ್ತಿದ್ರು ಕಣಪ್ಪಾ. ಈ ಕೈಲಿ ಸೊಟ್ಟಸೊಟ್ಟಗೆ ಕಟ್ಟಿ, ಅದನ್ನ ನಿನ್ನ ದಂಡೆ ಪಕ್ಕ ಇಡಲಾ? ಬೇಡ. ನೀನು ಕಟ್ಟು. ಚೆನ್ನಾಗಿ ಕಟ್ತೀಯ."

ಚೆಲುವರಾಜು ಪುಸ್ತಕಗಳ ಬೀರು ತೆಗೆದು ಹುಡುಕಿದ. ಸಿಕ್ಕಿತು. ಓಡಿಬಂದ.

"ಅಮ್ಮ, ಇಲ್ಲಿ ಬರೆದಿದ್ದಾರೆ. ಒಳ್ಳೆ ಕೈಯನ್ನ ಸ್ವಲ್ಪ ಹೊತ್ತು ಕಟ್ಟಿಹಾಕಬೇಕಂತೆ. ಒಳ್ಳೆ ಕೈ ಕೆಲಸಕ್ಕೆ ಸಿಗೋವರೆಗೂ ಸೋತ ಕೈ ಎದ್ದು ಬರಲ್ಲವಂತೆ."

"ಸರಿಯಾಗೇ ಬರೆದಿದ್ದಾರೆ. ನಾರು ತಗೊಂಡು ಬಾ, ಕಟ್ಟೋಣ."

ನಾರು ತಂದ. ಅಜ್ಜಿಯ ಮುಂದೆ ಕೂತು ಅವರ ಎಡಗೈ ಹಿಡಿದುಕೊಂಡ.

"ಅದಲ್ಲ" ಎಂದರು ಅಮ್ಮ.

"ಇದೇ ಅಮ್ಮ ಒಳ್ಳೆ ಕೈ. ಎಡಗೈ."

"ಈ ಕೋಣೆಯಲ್ಲಿ ಹೂ ಕಟ್ಟೋ ಕೈ ಯಾವುದು?"

ಚೆಲುವರಾಜು ಕೋಣೆಯನ್ನೆಲ್ಲ ನೋಡಿದ. ಕೊನೆಗೆ ತನ್ನ ಕೈಗಳನ್ನು ನೋಡಿಕೊಂಡ.

"ಚಾಚು" ಎಂದರು ಅಮ್ಮ.

ಚಾಚಿದ. ಅಮ್ಮ ಸೆರಗಿನಿಂದ ಕೈ ಹೊರತೆಗೆದು ಅವನ ಎರಡೂ ಮಣಿಕಟ್ಟು ಸೇರಿಸಿ ಬಾಳೆನಾರು ಸುತ್ತಿದರು.

"ಅಯ್ಯೋ ಅಮ್ಮಾವ್ರೆ, ಅದೇನು ಗಂಟು? ಕೆಮ್ಮಿದರೆ ಬಿಚ್ಚಿಕೊಳ್ಳುತ್ತೆ" ಎಂದರು ಅಜ್ಜಿ.

"ನನಗೆ ಬರೋದು ಇಷ್ಟೇ ಪುಟ್ಟಗೌರಮ್ಮ."

ಇಲ್ಲಿ ಒಂದು ಮಾತು. ನಮ್ಮಲ್ಲಿ ಹೂವನ್ನೂ ಕಟ್ಟುತ್ತಾರೆ, ಕೈಯನ್ನೂ ಕಟ್ಟುತ್ತಾರೆ. ಏನೂ ಮಾಡದೆ ಇರುವವನನ್ನು ಕೈ ಕಟ್ಟಿ ಕೂತ ಎಂದು ಬಯ್ಯುತ್ತಾರೆ. ಚೆಲುವರಾಜುವಿನ ತಂದೆ ಅವನಿಗೆ ಬಾಲ್ಯದಿಂದ ಹೇಳಿದ್ದು ಇದೊಂದೇ: ಎಲ್ಲಿಗೇ ಹೋಗು, ಕೈ ಕಟ್ಟಿ ಮಾತ್ರ ಕೂರಬೇಡ. ಆದ್ದರಿಂದ ಅವನಿಗೆ ಅಂದು ಎಷ್ಟು ಅವಮಾನವಾಯಿತು ಎಂದು ನೀವೇ ಊಹಿಸಿ.

ಗುರುವಾರ ಬೆಳಗ್ಗೆಯಿಂದ ಇಬ್ಬರೂ ಎದುರುಬದುರು ಕೂತರು. ಮಧ್ಯೆ ಹೂವಿನ ಬುಟ್ಟಿ. ಯಾರೂ ಮುಟ್ಟಲಿಲ್ಲ.

"ಅಜ್ಜಿ, ಒಂದೇ ಒಂದು ಗಂಟು. ಹೆಬ್ಬೆರಳಿಂದ ನಾರು ಒತ್ತಿ ಹಿಡ್ಕೊಂಡು, ತೋರುಬೆರಳಿಂದ ಸುತ್ತಿ, ಆಮೇಲೆ..."

"ಚೆಲುವರಾಜು" ಎಂದರು ಬಾಗಿಲಲ್ಲಿದ್ದ ಅಮ್ಮ.

"ಏನಮ್ಮ?"

"ಬಾಯಿಗೂ ನಾರು ಬೇಕಾ?"

ಅವನು ಬಾಯಿ ಮುಚ್ಚಿದ. ಮೊಗ್ಗುಗಳೆಲ್ಲ ಅರಳಿ ಬಾಡಿದವು. ಮೂರು ಗಂಟೆಗೆ ಬಸ್ಸು ಬಂತು. ಹೂ ಇಲ್ಲ ಎಂದದ್ದಕ್ಕೆ ಡ್ರೈವರು ಇಡೀ ಹೊಳೆಗೆ ಕೇಳುವ ಹಾಗೆ ಹಾರನ್ ಒತ್ತಿ, ಮುಖ ಊದಿಸಿಕೊಂಡು ಹೋದ.

ಶುಕ್ರವಾರ ಮತ್ತೆ ಅದೇ. ಕಟ್ಟಿದ ಕೈ, ಮುಚ್ಚಿದ ಬಾಯಿ, ಬುಟ್ಟಿಯ ತುಂಬ ಹೂ.

ಆಗ ಒಂದು ನೊಣ ಬಂತು.

ಮೊದಲು ಹೂವಿನ ಮೇಲೆ ಕೂತಿತು. ಆಮೇಲೆ ಚೆಲುವರಾಜುವಿನ ಮೂಗಿನ ತುದಿಯ ಮೇಲೆ ಕೂತಿತು. ಅವನು ತಲೆ ಕೊಡವಿದ. ಎದ್ದು ಮತ್ತೆ ಬಂದು ಅಲ್ಲೇ ಕೂತಿತು. ತುಟಿ ಚಾಚಿ ಮೇಲಕ್ಕೆ ಊದಿದ. ಅದು ಮೂಗಿನ ಹೊಳ್ಳೆಯ ಕಡೆ ನಡೆಯಲು ಶುರುಮಾಡಿತು. ಚೆಲುವರಾಜು ಕಣ್ಣು ಮೆಳ್ಳಗೆ ಮಾಡಿಕೊಂಡು ಅದನ್ನೇ ನೋಡುತ್ತಾ, ಮುಖವನ್ನು ಆ ಕಡೆ ಈ ಕಡೆ ತಿರುಚುತ್ತಾ, ಸೀನಲೂ ಆಗದೆ ಬಿಡಲೂ ಆಗದೆ ಒದ್ದಾಡಿದ.

"ಅಯ್ಯೋ ಪಾಪದ್ದೇ!" ಎಂದು ಅಜ್ಜಿ ಮುಂದಕ್ಕೆ ಬಗ್ಗಿ ಅವನ ಮೂಗಿನ ಮೇಲೆ ಫಟ್ಟನೆ ಹೊಡೆದರು.

ಬಲಗೈಯಲ್ಲಿ.

ನೊಣ ಹಾರಿಹೋಯಿತು. ಕೈ ಗಾಳಿಯಲ್ಲೇ ನಿಂತಿತು.

ಚೆಲುವರಾಜುವಿಗೆ ಕೂಗಬೇಕೆನ್ನಿಸಿತು. ಎದ್ದು ಕುಣಿಯಬೇಕು, ಆ ಕೈ ಹಿಡಿದು ಹೂವಿನ ಮೇಲೆ ಇಡಬೇಕು ಎನ್ನಿಸಿತು. ಬಾಗಿಲ ಕಡೆ ನೋಡಿದ. ಅಮ್ಮನ ಸೆರಗಿನೊಳಗೆ ಎರಡು ಮುಷ್ಟಿಗಳು ಬಿಗಿಯಾಗಿದ್ದವು.

ಅವನು ಹೇಳಿದ್ದು ಇಷ್ಟೇ: "ಥ್ಯಾಂಕ್ಸ್ ಅಜ್ಜಿ."

ಅಜ್ಜಿ ತಮ್ಮ ಕೈಯನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. ಆಮೇಲೆ ಅವನನ್ನು ನೋಡಿದರು.

"ನೀನು ಆ ಕಡೆ ತಿರುಗಿ ಕೂತ್ಕೊ."

ಅವನು ಗೋಡೆಗೆ ಮುಖ ಮಾಡಿ ಕೂತ. ಹಿಂದಿನಿಂದ ಬುಟ್ಟಿಗೆ ಕೈಯಾಡಿದ ಸದ್ದು. ನಾರು ಎಳೆದ ಸದ್ದು. ಒಂದು ಬೈಗುಳ. ಬಹಳ ಹೊತ್ತು ಏನೂ ಇಲ್ಲ. ಮತ್ತೊಂದು ಬೈಗುಳ, ಮೊದಲಿನದಕ್ಕಿಂತ ಉದ್ದದ್ದು.

"ತಿರುಗಲಾ ಅಜ್ಜಿ?"

"ತಿರುಗಿದರೆ ನೊಣವನ್ನೇ ಕರೆದು ಕೂರಿಸ್ತೀನಿ."

ಅಂದು ಆದದ್ದು ಆರು ಗಂಟು. ಎಲ್ಲವೂ ಸೊಟ್ಟ. ಅಜ್ಜಿ ಅದನ್ನು ಯಾರಿಗೂ ತೋರಿಸದೆ ಮಡಿಲಲ್ಲಿ ಮುಚ್ಚಿಕೊಂಡು ಹೋದರು.

ಶನಿವಾರ ಬಂತು.

ಬೆಳಗ್ಗೆ ಅಮ್ಮ ನಾರು ಹಿಡಿದು ಬಂದರೆ ಅಜ್ಜಿ ಕಿತ್ತುಕೊಂಡರು. "ನಿಮ್ಮ ಗಂಟು ಬೇಡ ಅಮ್ಮಾವ್ರೆ. ನೆನ್ನೆ ಎರಡು ಸಲ ಬಿಚ್ಚಿಕೊಳ್ತು. ನಾನೇ ಕಟ್ತೀನಿ."

ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಸುತ್ತಿ, ಚೆಲುವರಾಜುವಿನ ಕೈಗಳಿಗೆ ಅಜ್ಜಿ ಹೂವಿನ ಗಂಟು ಹಾಕಿದರು. ಕಾಲು ಗಂಟೆ ಹಿಡಿಯಿತು. ಹೂವಿನ ಗಂಟು ಎಂದರೆ ಎಳೆದಷ್ಟೂ ಬಿಗಿಯಾಗುವ ಗಂಟು. ಇದನ್ನೂ ನೆನಪಿಟ್ಟುಕೊಳ್ಳಿ.

ಅಂದು ಅವನನ್ನು ಗೋಡೆಯ ಕಡೆ ತಿರುಗಿಸಲಿಲ್ಲ. ಅವನ ಮುಂದೆಯೇ ಕಟ್ಟಿದರು. ಮೊಗ್ಗು ಬಿತ್ತು, ಎತ್ತಿಕೊಂಡರು. ನಾರು ಜಾರಿತು, ಹಲ್ಲಲ್ಲಿ ಹಿಡಿದರು. ಚೆಲುವರಾಜುವಿನ ಬೆರಳುಗಳು ಕಟ್ಟಿದ ಕಡೆಯೇ ಹೂ ಕಟ್ಟುತ್ತಿರುವ ಹಾಗೆ ಆಡುತ್ತಿದ್ದವು. ಅವನ ಕಣ್ಣು ಗೋಡೆಯ ಗಡಿಯಾರಕ್ಕೂ ದಂಡೆಗೂ ಓಡಾಡುತ್ತಿತ್ತು. ಮೂರು ಗಂಟೆ ಬಸ್ಸು ತಪ್ಪಿದರೆ ಐದರೊಳಗೆ ಪಟ್ಟಣ ಮುಟ್ಟುವ ದಾರಿ ಬೇರೆ ಇಲ್ಲ.

ಎರಡೂವರೆಗೆ ಅಜ್ಜಿ ಮೊಣಕೈಯನ್ನು ಹಲಗೆಯ ಮೇಲೆ ಊರಿ ದಂಡೆಯನ್ನು ಮುಂಗೈಯುದ್ದಕ್ಕೂ ಹಾಸಿದರು. ಬೆರಳು ಮಡಚಿಕೊಂಡಿದ್ದವು. ದಂಡೆ ಗೆಣ್ಣಿನವರೆಗೆ ಸರಿಯಾಗಿ ಬಂತು.

"ಆಯ್ತಾ ಚೆಲುವರಾಜು? ಒಂದು ಮೊಳ ಅನ್ನೋಣವಾ?" ಎಂದರು ಅಮ್ಮ. ಸರ್ಟಿಫಿಕೇಟ್ ಅವರ ಮುಂದೆ ಮೇಜಿನ ಮೇಲೆ ಇತ್ತು.

ಹೌದು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತು. ನೊಣ ಕೂತ ಹಾಗೆಯೇ ಕೂತಿತು.

"ಅಳೆದವರು ಅಜ್ಜಿ. ಅವರನ್ನೇ ಕೇಳಿ ಅಮ್ಮ" ಎಂದ.

"ಇದು ಮೊಳ ಏನು, ಮೋಟು!" ಎಂದರು ಅಜ್ಜಿ. "ಬೆರಳು ಮಡಚಿ ಅಳೆದು ಕೊಟ್ಟಳು ಅಂತ ಪುಟ್ಟಗೌರಮ್ಮನಿಗೆ ಯಾರೂ ಅಂದಿಲ್ಲ. ಈಗ ಅನ್ನಿಸಿಕೊಳ್ಳಲಾ?"

ಅಂಗೈಯನ್ನು ಹಲಗೆಗೆ ಒತ್ತಿದರು. ಹಲ್ಲು ಕಚ್ಚಿದರು. ಹೆಬ್ಬೆರಳು ಬಿಚ್ಚಿತು. ತೋರುಬೆರಳು ಅರ್ಧ ಬಿಚ್ಚಿತು. ನಡುಬೆರಳು ನಡುಗುತ್ತಾ, ನಡುಗುತ್ತಾ, ನೆಟ್ಟಗಾಯಿತು. ಉಳಿದೆರಡು ಬರಲಿಲ್ಲ. ಮೊಳಕ್ಕೆ ನಡುಬೆರಳು ಸಾಕು.

ಈಗ ದಂಡೆ ನಾಲ್ಕು ಬೆರಳಷ್ಟು ಕಡಿಮೆ ಬಂತು.

ಅಜ್ಜಿ ಮತ್ತೆ ನಾರು ಎತ್ತಿಕೊಂಡರು. ನಾಲ್ಕು ಬೆರಳು ತುಂಬಿಸಿದರು. ಅಳೆದರು. ತುದಿಗೆ ಸರಿಯಾಗಿ ಬಂತು. ಆಮೇಲೂ ಎರಡು ಗಂಟು ಹಾಕಿದರು.

"ಇದು ಯಾಕಜ್ಜಿ?"

"ಕೊಸರು" ಎಂದರು ಅಜ್ಜಿ. "ಕೊಸರಿಲ್ಲದೆ ಕೊಟ್ಟು ನನಗೆ ಗೊತ್ತಿಲ್ಲ."

ಗೇಟಿನ ಹತ್ತಿರ ಹಾರನ್ ಕೇಳಿಸಿತು. ಮೂರು ಗಂಟೆ.

"ಅಮ್ಮ, ರುಜು!"

"ಹಾಕ್ತೀನಿ. ಮೊದಲು ನಿನ್ನ ರುಜು, ಅದರ ಕೆಳಗೆ ನಂದು. ಕಾಗದದಲ್ಲಿ ಹಾಗೇ ಇದೆ."

ಚೆಲುವರಾಜು ಕಟ್ಟಿದ ಕೈಗಳನ್ನು ಎತ್ತಿ ತೋರಿಸಿದ.

"ಇರಪ್ಪಾ, ಬಿಚ್ತೀನಿ" ಎಂದರು ಅಜ್ಜಿ.

ಗಂಟು ಬೆಳಗ್ಗೆಯಿಂದ ಎಳೆದಾಡಿ ಕಲ್ಲಾಗಿತ್ತು. ಅಜ್ಜಿಯ ಬೆರಳು ಅದರ ಮೇಲೆ ಜಾರಿತು. ಮತ್ತೆ ಹಿಡಿಯಿತು. ಮತ್ತೆ ಜಾರಿತು.

ಹಾರನ್.

ಡ್ರೈವರು ಒಳಗೇ ಬಂದ. "ಏನ್ರಯ್ಯಾ, ಮೂರನೇ ದಿನ ಇವತ್ತು, ದೇವರು ಖಾಲಿ ಕುತ್ತಿಗೇಲಿ ಕೂತವ್ನೆ." ಚೆಲುವರಾಜುವಿನ ಕೈ ನೋಡಿದ. "ಇದೇನಯ್ಯಾ? ಏನು ಕದ್ದೆ?"

"ಏನೂ ಇಲ್ಲ. ಕಲೀತಿದೀನಿ."

"ಕೈ ಕಟ್ಟಿಸಿಕೊಂಡಾ?"

"ಹೂ ಬೇಕಾದ್ರೆ ಸುಮ್ಮನೆ ನಿಂತ್ಕೊ" ಎಂದರು ಅಜ್ಜಿ. ದಂಡೆಯನ್ನು ಪಕ್ಕದ ಬುಟ್ಟಿಯಲ್ಲಿ ಎತ್ತಿಟ್ಟಿದ್ದರು. "ಎಲ್ಲರೂ ಮೇಲೆ ಬಿದ್ದು ನೋಡಿದ್ರೆ ಗಂಟಿಗೂ ಗಾಬರಿ ಆಗುತ್ತೆ."

"ಅಯ್ಯೋ, ಬ್ಲೇಡಲ್ಲಿ ಒಂದು ಎಳೆ ಎಳೆದರೆ ಮುಗೀತಲ್ಲ!"

ಆಗ ಕಾತ್ಯಾಯಿನಿ ಅಮ್ಮನ ಸೆರಗು ಅಲ್ಲಾಡಿತು. ಅವರ ಬಲಗೈ ಹೊರಗೆ ಬಂತು. ಅದರಲ್ಲಿ ಸಣ್ಣ ಕತ್ತರಿ ಇತ್ತು.

"ಬಸ್ಸು ಹೋಗಿಬಿಡುತ್ತೆ ಚೆಲುವರಾಜು. ಕತ್ತರಿಸಿಬಿಡಲಾ?"

ಅಜ್ಜಿಯ ಬೆರಳು ನಿಂತುಹೋಯಿತು. ಅವರು ಯಾರ ಮುಖವನ್ನೂ ನೋಡಲಿಲ್ಲ. ಕೈ ಮೆಲ್ಲಗೆ ಹಿಂದಕ್ಕೆ, ತೊಡೆಯ ಕಡೆಗೆ ಹೊರಟಿತು.

ಚೆಲುವರಾಜು ಕಟ್ಟಿದ ಕೈಗಳನ್ನು ಎದೆಗೆ ಅವಚಿಕೊಂಡ. ಹೊರಗೆ ಬಸ್ಸಿನೊಳಗಿನ ಜನ ಕೂಗುತ್ತಿದ್ದರು.

"ಬೇಡ ಅಮ್ಮ" ಎಂದ. ಅವನ ಧ್ವನಿ ಕೀರಲಾಗಿ ಹೊರಟಿತು. "ಅಜ್ಜಿ ಬಿಚ್ತ ಇದಾರೆ."

ಕೈಗಳನ್ನು ಮತ್ತೆ ಅಜ್ಜಿಯ ಮುಂದೆ ಚಾಚಿ ಕೂತ.

ಬಸ್ಸಿನ ಜನ ಕೂಗಿ ಕೂಗಿ ಸುಸ್ತಾದರು. ಒಂದಿಬ್ಬರು ಇಳಿದು ಕಿಟಕಿಯ ಹತ್ತಿರ ಬಂದು ನಿಂತರು. ಡ್ರೈವರು ಗೋಡೆಗೆ ಒರಗಿ, "ಎಡಗಡೆ ಎಳೆ ಸಡಿಲ ಆಯ್ತಲ್ಲವಾ ಅಜ್ಜಿ" ಎಂದ. "ನಂಗೆ ಕಾಣುತ್ತಪ್ಪಾ" ಎಂದರು ಅಜ್ಜಿ. ಜನ ನಿಂತು ನೋಡುತ್ತಿದ್ದರು. ಅಜ್ಜಿ ಒಮ್ಮೆ ತಲೆಯೆತ್ತಿ ಅವರನ್ನೆಲ್ಲ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಮತ್ತೆ ಗಂಟಿಗೆ ಬಗ್ಗಿದರು.

ಮೂರೂ ಇಪ್ಪತ್ತಕ್ಕೆ ಗಂಟು ಬಿಚ್ಚಿತು.

ಅಮ್ಮ ಗಡಿಯಾರ ನೋಡಿದರು.

"ನಿಧಾನ ಆಯ್ತು" ಎಂದರು.

ಚೆಲುವರಾಜು ಅವರ ಮುಖ ನೋಡಿದ. ಇಡೀ ವರ್ಷ ಕೇಳಿದ 'ಬೇಗ ಆಯ್ತು' ಎಲ್ಲವೂ ಸಾಲಾಗಿ ನೆನಪಿಗೆ ಬಂದವು. ಕಿವಿ ಕೆಂಪಾಯಿತು. ಅಮ್ಮ ಪೆನ್ನು ತೆಗೆದರು. ಅವನ ಸೊಟ್ಟ ರುಜುವಿನ ಕೆಳಗೆ ತಮ್ಮ ರುಜು ಹಾಕಿದರು.

ಅಜ್ಜಿ ದಂಡೆ ತೆಗೆದು ಡ್ರೈವರಿಗೆ ಕೊಟ್ಟರು. "ಕೊಸರೂ ಇದೆ. ಐದರೊಳಗೆ ಇವನನ್ನ ಮುಟ್ಟಿಸು."

"ಮುಟ್ಟಿಸ್ತೀನಿ, ಏಳಯ್ಯಾ!" ಎಂದು ಡ್ರೈವರು ಓಡಿದ.

ಚೆಲುವರಾಜು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದ. ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಎದ್ದಾಗ ಅಮ್ಮ ಬಿಚ್ಚಿದ ನಾರನ್ನು ಸುರುಳಿ ಸುತ್ತಿ ಅವನ ಜೇಬಿಗೆ ಹಾಕಿದರು.

"ಇಟ್ಟುಕೋ. ಯಾರಿಗಾದರೂ ಸಹಾಯ ಮಾಡಲೇಬೇಕು ಅಂತ ಜೀವ ಒದ್ದಾಡಿದಾಗ ಕೈಗೆ ಕಟ್ಟಿಕೋ."

ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಅಮ್ಮ, ನನ್ನ ಕೈಯನ್ನ ನಾನೇ ಹೇಗೆ ಕಟ್ಟಿಕೊಳ್ಳೋದು?"

ಅಮ್ಮ ಎರಡೂ ಕೈಗಳನ್ನು ಮತ್ತೆ ಸೆರಗಿನೊಳಗೆ ಸುತ್ತಿಕೊಂಡರು.

"ಅದನ್ನ ಕಲಿಯೋಕೆ ನನಗೆ ಮೂವತ್ತು ವರ್ಷ ಆಯ್ತು. ನೀನು ಬಸ್ಸು ಹತ್ತು."

ಕಥೆ ಇಲ್ಲಿಗೆ ಮುಗಿಯಿತು. ಆದರೆ ಅಮ್ಮನ ಕೊನೆಯ ಮಾತು ನಾನು ಹೇಳಿದ ರೀತಿಯಲ್ಲಿ ಸರಿಯಾಗಿ ತಿಳಿದಿರಲಿಕ್ಕಿಲ್ಲ ಎಂಬ ಭಯವಿದೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೆರಗು ಎಂದರೆ ಇಲ್ಲಿ ಬರೀ ಸೆರಗಲ್ಲ. ನಾರು ಎಂದರೂ ಬರೀ ನಾರಲ್ಲ. ಮೂವತ್ತು ವರ್ಷ ಎಂದು ಅಮ್ಮ ಯಾಕೆ ಹೇಳಿದರೆಂದರೆ, ಎದುರಿಗೆ ಒಬ್ಬರು ಒದ್ದಾಡುತ್ತಿರುವಾಗ ನಮ್ಮ ಕೈ ತನ್ನಷ್ಟಕ್ಕೆ ತಾನೇ... ಒಂದು ನಿಮಿಷ. ಒಳಗಿನಿಂದ ಕರೆಯುತ್ತಿದ್ದಾರೆ, ಬೀರು ಸರಿಸಬೇಕಂತೆ, ಒಂದು ಕೈ ಹಾಕು ಬಾ ಎನ್ನುತ್ತಿದ್ದಾರೆ. ಬಂದೆ, ಬಂದೆ! ಎಲ್ಲಿದ್ದೆ? ಹಾಂ, ನಮ್ಮ ಕೈ ತನ್ನಷ್ಟಕ್ಕೆ ತಾನೇ... ಮತ್ತೆ ಕರೆದರು. ಇರಿ, ಒಂದು ಕೈ ಹಾಕಿ ಬರುತ್ತೇನೆ.